ದುಡ್ಡು ನಿಂತ ಮೇಲೆ ಉಳಿಯುವುದು

ಪ್ರೀತಿಯ ಮಿತ್ರರೇ,

ನಿಮ್ಮ ಪತ್ರ ತಲುಪಿತು. ಬಜೆಟ್ ದಿನ ಟಿ.ವಿ.ಯಲ್ಲಿ ಲಕ್ಷ ಕೋಟಿಗಳ ಮಾತು, ಅದರ ಬೆನ್ನಿಗೇ ರಿಸರ್ವ್ ಬ್ಯಾಂಕಿನ ಬಡ್ಡಿದರದ ಮಾತು. ಕಳಸದ ಅಂಗಡಿಯವನಿಗೂ ಮೂಡಿಗೆರೆಯ ಸಣ್ಣ ಬೆಳೆಗಾರನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ದೆಹಲಿಯವರೆಗೆ ಹೋಗಬೇಕಿಲ್ಲ. ಕಳಸದಿಂದ ಸಂಸೆ ದಾಟಿ ಕುದುರೆಮುಖಕ್ಕೆ ಹೋದರೆ ಸಾಕು.

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ ಎಂದು ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಅದು ಬಡ ಅದಿರು. ಕಬ್ಬಿಣದ ಅಂಶ ಶೇ 40ಕ್ಕಿಂತ ಕಡಿಮೆ. ಅದನ್ನು ನುಣ್ಣಗೆ ಅರೆದು, ಕಬ್ಬಿಣವನ್ನು ಬೇರ್ಪಡಿಸಿ, ಘಟ್ಟ ಇಳಿಸಿ ಹಡಗು ಹತ್ತಿಸಬೇಕಾದರೆ ಭಾರೀ ಬಂಡವಾಳ ಬೇಕು. ಹಾಗಾಗಿ ದಶಕಗಳ ಕಾಲ ಅದಿರು ಬೆಟ್ಟದಲ್ಲೇ ಉಳಿಯಿತು.

ಬಂಡವಾಳ ಬಂದದ್ದು ತೈಲದಿಂದ. 1973ರ ಕೊನೆಯಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ತೈಲ ಕೊಳ್ಳುವ ಭಾರತದ ಬೊಕ್ಕಸ ಬರಿದಾಗತೊಡಗಿದರೆ, ಮಾರುವ ಇರಾನಿನ ಬಳಿ ಎಲ್ಲಿ ಹೂಡಬೇಕೆಂದು ತಿಳಿಯದಷ್ಟು ಡಾಲರ್ ಸೇರಿತು. 1975ರ ನವೆಂಬರಿನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು. ಬದಲಿಗೆ 21 ವರ್ಷಗಳಲ್ಲಿ 15 ಕೋಟಿ ಟನ್ ಹದಗೊಳಿಸಿದ ಅದಿರನ್ನು ಕೊಂಡೊಯ್ಯಬೇಕು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಕಾಡಿನಲ್ಲಿ ರಸ್ತೆ, ಯಂತ್ರಗಳು, ಲಕ್ಯಾ ಹಳ್ಳಕ್ಕೆ ಅಣೆಕಟ್ಟು, ಪಣಂಬೂರಿನವರೆಗೆ 67 ಕಿಲೋಮೀಟರ್ ಕೊಳವೆ, ಎಲ್ಲವೂ ನಾಲ್ಕೈದು ವರ್ಷಗಳಲ್ಲಿ ಎದ್ದವು.

ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. 1979ರ ಜನವರಿಯಲ್ಲಿ ಅಲ್ಲಿನ ದೊರೆ ಷಾ ದೇಶ ಬಿಟ್ಟರು. ಅಷ್ಟು ಹೊತ್ತಿಗೆ ಬಂದಿದ್ದದ್ದು 25.5 ಕೋಟಿ ಡಾಲರ್. ಆಮೇಲೆ ದುಡ್ಡೂ ಇಲ್ಲ, ಅದಿರು ಕೊಳ್ಳುವವರೂ ಇಲ್ಲ. ಉಳಿದ ಖರ್ಚನ್ನು ಭಾರತ ಸರ್ಕಾರವೇ ಹೊತ್ತು 1980ರಲ್ಲಿ ಕೆಲಸ ಮುಗಿಸಿತು. ವರ್ಷಕ್ಕೆ 75 ಲಕ್ಷ ಟನ್ ತಯಾರಿಸುವ ಘಟಕ ಸಿದ್ಧವಾಗಿ ನಿಂತಿತು, ಗಿರಾಕಿಯನ್ನು ಹುಡುಕುತ್ತ. ರೊಮೇನಿಯ, ಜಪಾನ್ ಎಂದು ಒಬ್ಬೊಬ್ಬರನ್ನೇ ಹುಡುಕಿ, 1987ರಲ್ಲಿ ಮಂಗಳೂರಿನಲ್ಲಿ ಉಂಡೆ ಅದಿರಿನ ಕಾರ್ಖಾನೆಯನ್ನೂ ಕಟ್ಟಿ, ಕಂಪನಿ ನಿಧಾನವಾಗಿ ಕಾಲೂರಿ ದೇಶಕ್ಕೆ ಡಾಲರ್ ಗಳಿಸಿತು.

ಇದರಲ್ಲಿ ಎರಡು ವಿಷಯ ಗಮನಿಸಿ. ಖಾಸಗಿ ಹೂಡಿಕೆದಾರನಾಗಿದ್ದರೆ 1979ರಲ್ಲೇ ಬೀಗ ಹಾಕಿ ಹೋಗುತ್ತಿದ್ದ. ಕಷ್ಟಕಾಲದಲ್ಲಿ ಹಿಂದೆ ಸರಿಯದೆ ನಿಲ್ಲುವ ಶಕ್ತಿ ಸರ್ಕಾರಕ್ಕಿದೆ; ಬಡ ದೇಶಕ್ಕೆ ಅದು ದೊಡ್ಡ ಆಸರೆ. ಎರಡನೆಯದು, ಹೊರಗಿನ ಹಣ ನಮ್ಮ ಅಗತ್ಯ ನೋಡಿ ಬರುವುದಿಲ್ಲ. ಕೊಡುವವರ ಕೈಯಲ್ಲಿ ಹೆಚ್ಚಾದಾಗ ಬರುತ್ತದೆ, ಅವರ ಮನೆಯಲ್ಲಿ ಏರುಪೇರಾದಾಗ ನಿಲ್ಲುತ್ತದೆ. ಅದೇ ಕಾಲದಲ್ಲಿ ಅಮೆರಿಕ ತನ್ನ ಹಣದುಬ್ಬರ ಇಳಿಸಲು ಬಡ್ಡಿಯನ್ನು ಶೇ 20ರ ಸಮೀಪಕ್ಕೆ ಏರಿಸಿತು. ಅಗ್ಗದ ಡಾಲರ್ ಸಾಲ ಮಾಡಿದ್ದ ದೇಶಗಳು ಉಸಿರುಗಟ್ಟಿದವು. 1982ರ ಆಗಸ್ಟಿನಲ್ಲಿ ಮೆಕ್ಸಿಕೊ ಸಾಲ ತೀರಿಸಲಾರೆ ಎಂದು ಕೈಚೆಲ್ಲಿತು. ಭಾರತದ ಹೊರಸಾಲ ಆಗ ಅಷ್ಟು ಬೆಳೆದಿರಲಿಲ್ಲವಾದ್ದರಿಂದ ನಾವು ಪಾರಾದೆವು. ಆಮೇಲಿನ ಹತ್ತು ವರ್ಷ ನಾವೂ ಸಾಲ ಬೆಳೆಸಿದೆವು. 1991ರಲ್ಲಿ ಚಿನ್ನ ಅಡವಿಡುವ ಗತಿ ನಮಗೂ ಬಂತು.

ಇನ್ನು ಊರಿನ ಮಾತು. ಕಂಪನಿಯ ಸಂಬಳ ಕ್ವಾರ್ಟರ್ಸಿನಲ್ಲೇ ಉಳಿಯಲಿಲ್ಲ. ತಿಂಗಳ ಮೊದಲ ವಾರ ಕಳಸದ ಜವಳಿ ಅಂಗಡಿಗೆ, ಕಿರಾಣಿಗೆ, ಹಾಲು ತರಕಾರಿ ತರುವವರಿಗೆ, ಜೀಪಿನವರಿಗೆ ಹಂಚಿಹೋಗುತ್ತಿತ್ತು. ಅಂಗಡಿಯವನು ಅದರಿಂದ ಮನೆ ಕಟ್ಟಿಸಿದರೆ ಗಾರೆಯವನಿಗೆ ಕೂಲಿ. ಸರ್ಕಾರ ಖರ್ಚು ಮಾಡಿದ ಒಂದು ರೂಪಾಯಿ ಊರಿನಲ್ಲಿ ಹಲವು ಕೈ ದಾಟುತ್ತದೆ ಎಂದು ಅರ್ಥಶಾಸ್ತ್ರದವರು ಹೇಳುವುದು ಇದನ್ನೇ. ಆದರೆ ಇಡೀ ಪೇಟೆ ಒಂದೇ ಸರಕಿನ ಮೇಲೆ ನಿಂತಿತ್ತು. ಗಣಿಯ 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದಿತ್ತು. ರಾಷ್ಟ್ರೀಯ ಉದ್ಯಾನದ ನಡುವಿನ ಗಣಿಯಿಂದ ಭದ್ರೆಗೆ ಹೂಳು ಹರಿಯುತ್ತಿತ್ತು. ಕೆ.ಎಂ. ಚಿಣ್ಣಪ್ಪ ಮತ್ತಿತರ ಪರಿಸರಾಸಕ್ತರ ಹೋರಾಟದ ಫಲವಾಗಿ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಭದ್ರೆಯ ನೀರು ನಂಬಿದ ಬಯಲಿನ ರೈತರ ಕಣ್ಣಿನಿಂದ ನೋಡಿದರೆ ಆ ತೀರ್ಪು ಸರಿಯೆಂದೇ ನನ್ನ ನಂಬಿಕೆ. ಹೂಳಿನ ಬೆಲೆ ಕಂಪನಿಯ ಲೆಕ್ಕಪತ್ರದಲ್ಲಿ ಇರಲಿಲ್ಲ, ನದಿಯ ಕೆಳದಂಡೆಯವರು ಅದನ್ನು ತೆರುತ್ತಿದ್ದರು.

ಇಂದು ಕುದುರೆಮುಖಕ್ಕೆ ಹೋದರೆ ಸಾಲು ಸಾಲು ಕ್ವಾರ್ಟರ್ಸುಗಳು ಪಾಚಿ ಹಿಡಿದು ನಿಂತಿವೆ. ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕಸವೆಲ್ಲ ಹೂಳಾಗಿ ಕೂತಿದೆ. ಹಾಗಾದರೆ ಅಷ್ಟು ಹಣವೂ ವ್ಯರ್ಥವೇ? ಅಲ್ಲ. ಅದಿರಿನ ಹಡಗುಗಳಿಗಾಗಿ ನವಮಂಗಳೂರು ಬಂದರಿನಲ್ಲಿ ಆಳ ತೆಗೆದು ಧಕ್ಕೆ ಕಟ್ಟಿದ್ದರು. ಗಣಿ ನಿಂತರೂ ಬಂದರು ನಿಲ್ಲಲಿಲ್ಲ. ತೈಲ, ಅನಿಲ, ಗೊಬ್ಬರ ಅಲ್ಲಿಗೆ ಬರುತ್ತವೆ. ನಮ್ಮ ಜಿಲ್ಲೆಯ ಕಾಫಿ ಕಂಟೇನರ್ ತುಂಬಿ ಅಲ್ಲಿಂದಲೇ ಯುರೋಪಿಗೆ ಹೋಗುತ್ತದೆ. ಹತ್ತು ಕೆಲಸಕ್ಕೆ ಬರುವಂಥದ್ದಕ್ಕೆ ಹಾಕಿದ ದುಡ್ಡು ಉಳಿಯಿತು. ಒಂದೇ ಕೆಲಸಕ್ಕೆ ಕಟ್ಟಿದ ಊರು ಸೊರಗಿತು.

ಇದಕ್ಕಿಂತ ಚೆಂದದ ಉದಾಹರಣೆ ಬಾಳೆಹೊನ್ನೂರಿನಲ್ಲಿದೆ. ಮೈಸೂರು ಸರ್ಕಾರ 1925ರಲ್ಲಿ ಅಲ್ಲಿ ಕಾಫಿ ಸಂಶೋಧನಾ ಕೇಂದ್ರ ತೆರೆಯಿತು. ಎಲೆತುಕ್ಕು ರೋಗದಿಂದ ಬಸವಳಿದಿದ್ದ ತೋಟಗಳಿಗೆ ಅಲ್ಲಿಂದ ಬಂದ ತಳಿ ಎಸ್. 795. 1940ರ ದಶಕದಲ್ಲಿ ಹೊರಬಂದ ಆ ಗಿಡ ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಹಣ್ಣು ಬಿಡುತ್ತಿದೆ. ಕುದುರೆಮುಖಕ್ಕೆ ಸುರಿದ ಮೊತ್ತದ ಮುಂದೆ ಆ ಕೇಂದ್ರದ ಖರ್ಚು ಏನೂ ಅಲ್ಲ. ಆದರೆ ಅದು ವರ್ಷವರ್ಷವೂ ತಪ್ಪದೆ ಬಂತು. ಹೂಮಳೆ ಬಿದ್ದು ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ ಎಂಬ ಎರಡನೆಯ ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ ಎಂದು ನೀವು ಬಲ್ಲಿರಿ. ಸರ್ಕಾರದ ಖರ್ಚೂ ಹಾಗೆಯೇ.

ಕಾಫಿಯ ಮಾತು ಬಂದಾಗ ಡಾಲರನ್ನು ಬಿಡುವಂತಿಲ್ಲ. 1942ರ ಕಾಯ್ದೆಯಿಂದ ಬಂದ ಕಾಫಿ ಬೋರ್ಡು ಬೆಳೆಯನ್ನೆಲ್ಲ ಪೂಲ್ ಮಾಡಿ ಮಾರುತ್ತಿತ್ತು. ಬೆಳೆಗಾರನಿಗೆ ಹಣ ಕಂತುಕಂತಾಗಿ ಬರುತ್ತಿತ್ತು. ಧೈರ್ಯವಿತ್ತು, ಕಾಯುವುದೂ ಇತ್ತು. 1991ರ ಜುಲೈ ಮೊದಲ ವಾರದಲ್ಲಿ ರೂಪಾಯಿ ಅಪಮೌಲ್ಯವಾಗಿ, ಸುಮಾರು 21 ರೂಪಾಯಿ ಇದ್ದ ಡಾಲರ್ 26ರ ಹತ್ತಿರ ಬಂತು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿದ ವರ್ಷ ನಮ್ಮಲ್ಲಿ ಹೊಸ ಜೀಪುಗಳು ಬಂದವು. 2001ರ ಆಸುಪಾಸಿನಲ್ಲಿ ಬೆಲೆ ನೆಲಕಚ್ಚಿದಾಗ ಅದೇ ತೋಟಗಳ ಸಾಲ ಬೆಳೆಯಿತು. ರೂಪಾಯಿ ಇಳಿದರೆ ಚೀಲದ ಬೆಲೆ ಏರುತ್ತದೆ, ನಿಜ. ಆದರೆ ಗಿಡಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು, ಡೀಸೆಲ್ಲೂ ಬಹುಪಾಲು ಆಮದಿನ ತೈಲದ್ದೇ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಕಾಫಿ ಬೆಳೆಯದ ಕೂಲಿಯವರಿಗೆ ಹೋಗುವುದು ಮಾತ್ರ.

ಬಡ್ಡಿಯ ಮಾತಿಗೆ ಬರೋಣ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಡ್ರೈಯಿಂಗ್ ಯಾರ್ಡಿಗೋ ಕೆರೆಗೋ ಬ್ಯಾಂಕಿನಿಂದ ಸಾಲ ತೆಗೆದವರ ಕಂತು ಭಾರವಾಯಿತು. ಆದರೆ ಸಹಕಾರ ಸೊಸೈಟಿಯಲ್ಲಿ ಸೊನ್ನೆ ಬಡ್ಡಿಯ ಬೆಳೆಸಾಲ ಪಡೆದವರಿಗೆ ಅದು ತಟ್ಟಲಿಲ್ಲ. ಬಡ್ಡಿ ಮಾಯವಾಗಿತ್ತೆ? ಇಲ್ಲ, ನಮ್ಮ ಪರವಾಗಿ ಸರ್ಕಾರ ಕಟ್ಟುತ್ತಿತ್ತು. ಸೊಸೈಟಿಯ ಕೌಂಟರಿನಲ್ಲಿ ಪಾಸ್‌ಬುಕ್ ಚಾಚುವಾಗ ಬಜೆಟ್ಟೂ ರೆಪೊ ದರವೂ ಒಟ್ಟಿಗೇ ನಿಮ್ಮೆದುರು ಕೂತಿರುತ್ತವೆ.

ಸರ್ಕಾರಕ್ಕೂ ಬಡ್ಡಿ ತಪ್ಪಿದ್ದಲ್ಲ. 2024-25ರ ಕೇಂದ್ರ ಬಜೆಟ್ಟಿನ ಸುಮಾರು 48 ಲಕ್ಷ ಕೋಟಿ ಖರ್ಚಿನಲ್ಲಿ 11.6 ಲಕ್ಷ ಕೋಟಿ ಹಳೆಯ ಸಾಲದ ಬಡ್ಡಿಗೆ. ರಸ್ತೆ, ರೈಲು ಮುಂತಾದ ಹೊಸ ಆಸ್ತಿಗೆ ಇಟ್ಟದ್ದು 11.1 ಲಕ್ಷ ಕೋಟಿ. ಹಿಂದೆ ಮಾಡಿದ ಸಾಲ ಬೆಳೆ ಕೊಟ್ಟಿದ್ದರೆ ಈ ಬಡ್ಡಿ ಭಾರವೆನಿಸದು. ಕೊಡದಿದ್ದರೆ ಶಾಲೆಯ ಮೇಷ್ಟರ, ಆಸ್ಪತ್ರೆಯ ಡಾಕ್ಟರ ಹುದ್ದೆ ಖಾಲಿಬಿಟ್ಟು ಅದನ್ನು ತೀರಿಸಬೇಕಾಗುತ್ತದೆ. ಸಾಲ ಮಾಡುವುದು ತಪ್ಪಲ್ಲ. ನಮ್ಮಂಥ ದೇಶ ಸಾಲ ಮಾಡದೆ ಬಂದರು ಕಟ್ಟಲಾರದು, ತಳಿ ಬೆಳೆಸಲಾರದು.

ಆದ್ದರಿಂದ ನನ್ನದೊಂದು ಕೋರಿಕೆ. ಮುಂದಿನ ಬಾರಿ ನಮ್ಮ ಸೀಮೆಗೆ ಇಷ್ಟು ಕೋಟಿ ಎಂಬ ಸುದ್ದಿ ಓದಿದಾಗ ಮೊತ್ತಕ್ಕೆ ಮರುಳಾಗಬೇಡಿ, ಸಿಟ್ಟಿಗೂ ಏಳಬೇಡಿ. ಈ ಹಣ ಯಾರಿಂದ, ಯಾವ ಕರಾರಿನ ಮೇಲೆ ಬಂತು? ಇದರ ಹೊರೆ ಲೆಕ್ಕದಲ್ಲಿಲ್ಲದ ಯಾರ ಮೇಲಾದರೂ ಬೀಳುತ್ತದೆಯೇ? ಹಣ ನಿಂತ ಮೇಲೆ ಊರಿಗೆ ಏನು ಉಳಿಯುತ್ತದೆ? ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮೂರನ್ನು ಕೇಳಿ. ಪಕ್ಕದ ಮನೆಯ ಹುಡುಗರಿಗೂ ಕೇಳಲು ಕಲಿಸಿ. ಕುದುರೆಮುಖದ ಕ್ವಾರ್ಟರ್ಸಿನಲ್ಲಿ ಬೆಳೆದು ಊರು ಬಿಟ್ಟುಹೋದವರು ಇಂಥ ಪ್ರಶ್ನೆ ಕೇಳುವವರಿಲ್ಲದ ಕಾಲಕ್ಕೆ ಬೆಲೆ ತೆತ್ತಿದ್ದಾರೆ. ನಮ್ಮ ಮಕ್ಕಳು ಮತ್ತೆ ತೆರುವುದು ಬೇಡ.

 

ಇಂತಿ ನಿಮ್ಮ
ಮಲೆನಾಡಿನ ಮಿತ್ರ