ಹತ್ತು ರೂಪಾಯಿಯ ವಾಷರ್

"ಬಾತ್‌ರೂಮ್ ನಲ್ಲಿ ಸೋರ್ತಿದೆ ಕಣೇ, ಯಾರನ್ನಾದ್ರೂ ಕರೆಸು" ಅಂತ ಅಮ್ಮ ಹೇಳಿದಾಗ ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ "ವೀಕೆಂಡ್ ನೋಡೋಣಮ್ಮ" ಅಂದಿದ್ದೆ. ಆ ವೀಕೆಂಡ್ ಆಫೀಸಲ್ಲಿ ರಿಲೀಸ್ ಇತ್ತು. ಮುಂದಿನ ವೀಕೆಂಡ್ ಗೆಳತಿಯ ಮದುವೆ. ಅಮ್ಮ ಮತ್ತೆ ಕೇಳಲಿಲ್ಲ. ನಲ್ಲಿ ಕೆಳಗೆ ಒಂದು ಬಕೆಟ್ ಇಟ್ಟಳು, ಅಷ್ಟೆ.

ಮೂರನೇ ವಾರ, ರಾತ್ರಿ ಎರಡು ಗಂಟೆಗೆ ತುಂಬಿದ ಬಕೆಟ್ ಬದಲಿಸೋಕೆ ಎದ್ದವಳು ಒದ್ದೆ ನೆಲದ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರೀತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಕೈ ಹಿಡ್ಕೊಂಡು ಅವಳು ಹೇಳಿದ್ದು ಒಂದೇ ಮಾತು: "ನೀರು ಸುಮ್ನೆ ಮೋರಿಗೆ ಹೋಗುತ್ತಲ್ಲ ಅಂತ ಹಿಡೀತಿದ್ದೆ ಕಣೇ."

ಆಫೀಸಲ್ಲಿ ಸಾಫ್ಟ್‌ವೇರ್ ದೋಷಗಳಿಗೆ 'ಲೋ ಪ್ರಯಾರಿಟಿ' ಅಂತ ಗುರುತು ಹಾಕಿ ಮುಂದಕ್ಕೆ ತಳ್ಳೋದು ನನಗೆ ಅಭ್ಯಾಸ. ಮನೆಯ ನಲ್ಲಿಗೂ ಅದನ್ನೇ ಮಾಡಿದ್ದೆ. ಮಾರನೇ ದಿನ ರಜೆ ಹಾಕಿ ನಲ್ಲಿ ಕೆಳಗೆ ಲೀಟರ್ ಪಾತ್ರೆ ಇಟ್ಟು ಅಳತೆ ಮಾಡಿದೆ. ತುಂಬೋಕೆ ಒಂದು ಗಂಟೆ ಹತ್ತು ನಿಮಿಷ. ಅಂದ್ರೆ ದಿನಕ್ಕೆ ಸುಮಾರು 20 ಲೀಟರ್. ಮೂರು ವಾರಕ್ಕೆ 400 ಲೀಟರ್ ದಾಟುತ್ತೆ.

ನಮ್ಮನೆ ಉಪ್ಪಾರಪೇಟೆಯಲ್ಲಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್‌ಗೆ ನಡೆದೇ ಹೋಗಬಹುದು. ಆ ಬಸ್ ಸ್ಟ್ಯಾಂಡ್ ಇರೋ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕೆರೆಗಳು ಸಾಲದಾದ ಮೇಲೆ ಊರಿಗೆ 1896ರಲ್ಲಿ ಹೆಸರಘಟ್ಟದಿಂದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಈಗ ನಮ್ಮ ನಲ್ಲಿಗೆ ಬರೋ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪ್‌ಗಳ ಬಲದಲ್ಲಿ ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತೆ. ಅಮ್ಮನಿಗೆ ಈ ಲೆಕ್ಕ ಗೊತ್ತಿಲ್ಲ. ಆದ್ರೂ ಬಕೆಟ್ ಇಟ್ಟಿದ್ದು ಅವಳೇ.

ವಿಡಿಯೋ ನೋಡಿ ನಾನೇ ರಿಪೇರಿ ಮಾಡ್ತೀನಿ ಅಂತ ಟೆರೇಸ್ ಹತ್ತಿದೆ. ಮೊದಲು ಟ್ಯಾಂಕ್ ಪಕ್ಕದ ಗೇಟ್ ವಾಲ್ವ್ ಮುಚ್ಚಬೇಕಿತ್ತು. ಅದು ಜಗ್ಗಲೇ ಇಲ್ಲ, ತುಕ್ಕು ಹಿಡಿದು ಕಲ್ಲಾಗಿತ್ತು. ಜೋರಾಗಿ ತಿರುಗಿಸೋಕೆ ಹೋದಾಗ ಕೆಳಗಿಂದ ಅಮ್ಮನ ಕೂಗು: "ಮುರಿದುಬಿಟ್ಟೀಯ, ಬಿಡು!" ಇಳಿದು ಬಂದ ಮೇಲೆ ಹೇಳಿದಳು: "ನಿಮ್ಮಪ್ಪ ಆಯುಧಪೂಜೆ ದಿನ ಮೋಟರ್‌ಗೆ ಕುಂಕುಮ ಇಡೋ ಮುಂಚೆ ಎಲ್ಲ ವಾಲ್ವೂ ತಿರುಗಿಸಿ ನೋಡ್ತಿದ್ರು. ಅವರು ಹೋದ ಮೇಲೆ ನಾನು ಕುಂಕುಮ ಮಾತ್ರ ಇಡ್ತಿದೀನಿ."

ಅಪ್ಪ ಹೋಗಿ ಐದು ವರ್ಷ. ಅವರು ವಾಲ್ವ್ ತಿರುಗಿಸ್ತಿದ್ದದ್ದನ್ನ ನಾನು ನೋಡೇ ಇರಲಿಲ್ಲ.

ಕೊನೆಗೆ ಪ್ಲಂಬರ್ ಬಂದು ವಾಲ್ವ್ ಬದಲಿಸಿದರು. "ಅಣ್ಣಾ, ನಲ್ಲಿ ಕೆಲಸ ನಾನು ಮಾಡ್ತೀನಿ, ನೀವು ನೋಡಿ ಹೇಳಿ" ಅಂದೆ. ನಕ್ಕು ಸ್ಪ್ಯಾನರ್ ಕೊಟ್ಟರು. ಅವರು ಹೇಳಿಕೊಟ್ಟಿದ್ದು ಇಷ್ಟು. ವಾಲ್ವ್ ಮುಚ್ಚಿದ ಮೇಲೆ ನಲ್ಲಿ ತೆರೆದು ಪೈಪಲ್ಲಿ ಉಳಿದ ನೀರು ಹರಿಸಿಬಿಡಿ. ಸ್ಕ್ರೂ ಬಿದ್ದು ಕಳೆದುಹೋಗದ ಹಾಗೆ ನೀರು ಹೋಗೋ ತೂತಿಗೆ ಬಟ್ಟೆ ತುರುಕಿ. ನಲ್ಲಿ ಮೇಲೆ ಗೀರು ಬೀಳದ ಹಾಗೆ ಬಟ್ಟೆ ಸುತ್ತಿ, ಸ್ಪ್ಯಾನರ್‌ನಿಂದ ಮೇಲಿನ ಭಾಗ ಬಿಚ್ಚಿ. ಅದರ ತುದಿಯಲ್ಲಿ ಸವೆದ ಒಂದು ರಬ್ಬರ್ ವಾಷರ್ ಇರುತ್ತೆ. ಅಂಗಡಿಗೆ ಹೋಗುವಾಗ ಹಳೇದನ್ನೇ ತಗೊಂಡು ಹೋಗಿ, ಫೋಟೋ ಸಾಲಲ್ಲ, ಅಳತೆ ತಪ್ಪುತ್ತೆ. ಹೊಸದು ಹತ್ತು ರೂಪಾಯಿ. ಪೂರ್ತಿ ಕೆಲಸ ಇಪ್ಪತ್ತು ನಿಮಿಷ. ಕಾಲು ಸುತ್ತು ತಿರುಗಿಸಿದ್ರೆ ತೆರೆಯೋ ಹೊಸ ಥರದ ನಲ್ಲಿ ಆದ್ರೆ ವಾಷರ್ ಬದಲು ಒಳಗಿನ ಕಾರ್ಟ್ರಿಜ್ ಬದಲಿಸಬೇಕು.

ಆಮೇಲೆ ಇಡೀ ಮನೆ ಒಂದು ಸುತ್ತು ಪರೀಕ್ಷೆ ಮಾಡಿದೆ. ನೀವೂ ಒಂದು ಭಾನುವಾರ ಮಾಡಬಹುದು.

ಫ್ಲಶ್ ಟ್ಯಾಂಕ್‌ಗೆ ಕೇಸರಿಬಾತ್‌ಗೆ ಹಾಕೋ ಬಣ್ಣ ಚಿಟಿಕೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸೀಲ್ ಸವೆದಿದೆ ಅಂತ ಅರ್ಥ. ಇದು ಸದ್ದೇ ಇಲ್ಲದ ಸೋರಿಕೆ.

ಅಡುಗೆಮನೆ ಸಿಂಕ್ ಕಟ್ಟಿಕೊಂಡರೆ ಆಸಿಡ್ ಸುರೀಬೇಡಿ. ಹಳೇ ಕಬ್ಬಿಣದ ಪೈಪ್ ತಿಂದುಹಾಕುತ್ತೆ, ಕೈ ಕಣ್ಣಿಗೂ ಅಪಾಯ. ಸಿಂಕ್ ಕೆಳಗೆ ಬಕೆಟ್ ಇಟ್ಟು ಬಾಗಿದ ಪೈಪ್ ಅಥವಾ ಬಾಟಲ್ ಥರದ ಭಾಗ ಕೈಯಿಂದ ಬಿಚ್ಚಿ ತೊಳೆದರೆ ಸಾಕು. ನಮ್ಮನೇಲಿ ಸಿಕ್ಕಿದ್ದು ಫಿಲ್ಟರ್ ಕಾಫಿ ಗಸಿ ಮತ್ತು ಜಿಡ್ಡು.

ಟ್ಯಾಂಕ್ ತುಂಬಿ ಹರೀತಿದ್ರೆ ನೀರು ನಿಲ್ಲಿಸೋ ತೇಲುವ ಬಾಲ್ ನೋಡಿ. ಅದರೊಳಗೆ ನೀರು ಸೇರಿದ್ರೆ ತೇಲಲ್ಲ, ಬದಲಿಸಿ. ಗುಪ್ತ ಸೋರಿಕೆ ಅನುಮಾನ ಇದ್ದರೆ ರಾತ್ರಿ ಟ್ಯಾಂಕ್‌ನ ನೀರಿನ ಮಟ್ಟ ಗುರುತು ಮಾಡಿ. ಯಾರೂ ನೀರು ಬಳಸದೇನೂ ಬೆಳಗ್ಗೆ ಇಳಿದಿದ್ರೆ ಎಲ್ಲೋ ಸೋರ್ತಿದೆ.

ಗೋಡೆಯೊಳಗಿನ ಪೈಪ್, ಗೀಸರ್, ಜಗ್ಗದ ವಾಲ್ವ್, ಇವು ನಮ್ಮ ಕೈ ಕೆಲಸ ಅಲ್ಲ, ಪ್ಲಂಬರ್ ಕರೆಸಿ. ರಸ್ತೆ ಪೈಪ್ ಒಡೆದಿದ್ರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಅಂತ ಮಾತ್ರ ಮನೇಲಿ ಎಲ್ಲರಿಗೂ ಗೊತ್ತಿರಲಿ. ಪೈಪ್ ಒಡೆದ ರಾತ್ರಿ ಅದನ್ನ ಹುಡುಕೋಕೆ ಟೈಮ್ ಇರಲ್ಲ.

ಆರು ವಾರದ ಮೇಲೆ ಅಮ್ಮನ ಪ್ಲಾಸ್ಟರ್ ತೆಗೆದರು. ಮೂಳೆ ಕೂಡಿದೆ, ಆದ್ರೆ ಹಿಡಿತ ಮೊದಲಿನ ಹಾಗಿಲ್ಲ. ಬಟ್ಟೆ ಹಿಂಡೋಕೆ ಆಗಲ್ಲ, ಗಟ್ಟಿ ನಲ್ಲಿ ತಿರುಗಿಸೋಕೂ ಆಗಲ್ಲ. ಅದಕ್ಕೇ ನಾನು ರಿಪೇರಿ ಮಾಡಿದ್ದ ಆ ನಲ್ಲೀನೇ ತೆಗೆಸಿ, ಬೆರಳಲ್ಲಿ ತಳ್ಳಿದ್ರೆ ಸಾಕು ಅನ್ನೋಂಥದ್ದು ಹಾಕಿಸಿದೆ.

ಈ ಸಲ ಆಯುಧಪೂಜೆ ದಿನ ಅಮ್ಮ ಕುಂಕುಮದ ಬಟ್ಟಲು ಹಿಡಿದು ಮೋಟರ್ ಹತ್ತಿರ ಕಾಯ್ತಾ ನಿಂತಿದ್ದಳು. ನಾನು ಟೆರೇಸ್‌ಗೆ ಹೋಗಿ ವಾಲ್ವ್ ಪೂರ್ತಿ ಮುಚ್ಚಿ, ಮತ್ತೆ ತೆರೆದು, "ಸರಿ ಇದೆಯಮ್ಮಾ" ಅಂತ ಕೂಗಿದೆ. ಆಮೇಲೆ ಅವಳು ಎಡಗೈಯಲ್ಲಿ ಕುಂಕುಮ ಇಟ್ಟಳು.