ನಮ್ಮ ಮನೆಗೆ ಬಂದ ಗೋಸುಂಬೆ

ಗೋಸುಂಬೆ ಎಂಬ ಹೆಸರು ನಮ್ಮ ಜನರ ಬಾಯಲ್ಲಿ ಬೈಗುಳವಾಗಿಯೇ ಉಳಿದಿದೆ. ಮಾತಿಗೆ ತಪ್ಪುವವನನ್ನು, ಪಕ್ಷ ಬದಲಿಸುವವನನ್ನು, ಗಳಿಗೆಗೊಂದು ಬಣ್ಣ ತೋರುವವನನ್ನು ಗೋಸುಂಬೆಯೆಂದು ಹಳಿಯುವುದು ರೂಢಿ. ಚುನಾವಣೆಯ ಕಾಲದಲ್ಲಂತೂ ಈ ಬಡಜೀವಿಗೆ ಬಿಡುವೇ ಇಲ್ಲ. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನನ್ನೇ ಗೋಸುಂಬೆಯೆಂದು ತಿಳಿದು ಕಲ್ಲೆಸೆಯುವ ಮಕ್ಕಳೂ ಉಂಟು; ಹಾಗೆ ಹೇಳಿಕೊಟ್ಟ ಹಿರಿಯರೂ ಉಂಟು.

ನಿಜವಾಗಿ ನೋಡಿದರೆ ಈ ಪ್ರಾಣಿ ಬಣ್ಣ ಬದಲಿಸುವುದು ವಂಚನೆಗಾಗಿ ಅಲ್ಲ. 2015ರಲ್ಲಿ ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮಡಗಾಸ್ಕರಿನ ಒಂದು ಜಾತಿಯ ಗೋಸುಂಬೆಯನ್ನು ಪರೀಕ್ಷಿಸಿ, ಅದರ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಒಪ್ಪವಾಗಿ ಜೋಡಣೆಗೊಂಡಿವೆಯೆಂದೂ, ಅವುಗಳ ನಡುವಣ ಅಂತರ ಹಿಗ್ಗಿ ಕುಗ್ಗಿದಂತೆ ಹೊರಸೂಸುವ ಬಣ್ಣ ಬದಲಾಗುವುದೆಂದೂ ತೋರಿಸಿಕೊಟ್ಟರು. ಹೆದರಿದಾಗ ಒಂದು ಬಣ್ಣ, ಸಿಟ್ಟಿಗೆ ಒಂದು, ಚಳಿಗೆ ಮತ್ತೊಂದು. ಮನಸ್ಸಿನಲ್ಲಿದ್ದುದನ್ನು ಮೈಮೇಲೆ ಬರೆದುಕೊಂಡು ಓಡಾಡುವ ಪ್ರಾಣಿಯನ್ನು ಕಪಟಿಯೆಂದು ಕರೆದವರು ಯಾರೋ ನಮಗೆ ತಿಳಿಯದು.

ಇಷ್ಟೆಲ್ಲ ಹೇಳುವ ಸಲುಗೆ ನಮಗೆ ಪುಸ್ತಕದಿಂದ ಬಂದುದಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಅಲಂಕಾರಗಳನ್ನು ಓದಿ, ಜೀವಮಾನವನ್ನೆಲ್ಲ ತಾಳೆಗರಿ ಮತ್ತು ಕರಡಚ್ಚುಗಳ ನಡುವೆ ಕಳೆದ ನಾವು, ಅರವತ್ತು ದಾಟಿದ ಮೇಲೆ ಒಂದು ಗೋಸುಂಬೆಯ ಶುಶ್ರೂಷೆಗೆ ನಿಲ್ಲಬೇಕಾಯಿತು. ವಸಂತಪುರದ ನಮ್ಮ ಮನೆಗೆ ಅದು ಬಂದದ್ದು 2023ರ ದೀಪಾವಳಿಯ ಹೊತ್ತಿಗೆ. ಮೊಮ್ಮಗನ ಹಟಕ್ಕೆ ಸೋತು ನಮ್ಮ ಮಗ ನಗರದ ಒಂದು ಅಂಗಡಿಯಿಂದ ಕೊಂಡು ತಂದ ಮರಿ. ನಮ್ಮ ಅಭಿಪ್ರಾಯ ಕೇಳಿ ತಂದದ್ದಲ್ಲ, ಕೇಳಿದ್ದರೆ ಬೇಡವೆನ್ನುತ್ತಿದ್ದೆವು. ಇಂದಿಗೂ ಅದೇ ನಮ್ಮ ಅಭಿಪ್ರಾಯ.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ತುರಹಳ್ಳಿಯಂತಹ ಕುರುಚಲು ಕಾಡುಗಳಲ್ಲಿ ಬದುಕುವ ನಮ್ಮ ನಾಡಿನ ಗೋಸುಂಬೆಯನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಮನೆಗೆ ಬಂದದ್ದು ಪರದೇಶದ್ದು. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ ಬೆಟ್ಟಸೀಮೆಯ ಜಾತಿ. ತಲೆಯ ಮೇಲೆ ಕಿರೀಟದಂತೆ ಎದ್ದ ಎಲುಬಿನ ಏಣು ಅದರ ಗುರುತು. ಇಂತಹ ವಿದೇಶೀ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮ ಬಂದಿತು. ನಮ್ಮ ಮಗ ಆ ಕೆಲಸವನ್ನು ಕ್ರಮವಾಗಿ ಮಾಡಿ ಮುಗಿಸಿದ್ದಾನೆ.

ಮೊಮ್ಮಗ ಅದಕ್ಕೆ ಪಚ್ಚೆ ಎಂದು ಹೆಸರಿಟ್ಟ. ಅಂಗಡಿಯವರು ಒಂದು ಗಾಜಿನ ಪೆಟ್ಟಿಗೆ, ಒಂದು ಸಾಧಾರಣ ವಿದ್ಯುದ್ದೀಪ, ಒಂದು ಡಬ್ಬಿಯ ತುಂಬ ಹಿಟ್ಟಿನ ಹುಳುಗಳನ್ನು ಕೊಟ್ಟು, ಇಷ್ಟು ಸಾಕು ಎಂದು ಹೇಳಿ ಕಳುಹಿಸಿದ್ದರು. ಹುಡುಗ ಅವರು ಹೇಳಿದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ಪೆಟ್ಟಿಗೆ ಒಳಕೋಣೆಯ ಕಿಟಕಿಯ ಬಳಿ ಇತ್ತು. ಗಾಜಿನ ಕಿಟಕಿಯಿಂದ ಬೆಳಿಗ್ಗೆ ಬಿಸಿಲೂ ಬೀಳುತ್ತಿತ್ತು. ಪಚ್ಚೆ ತಿಂದಿತು, ಬೆಳೆಯಿತು. ನೋಡಿದವರೆಲ್ಲ ಚೆನ್ನಾಗಿ ಸಾಕಿದ್ದೀರಿ ಎಂದರು.

ಮಾರನೆಯ ಆಷಾಢದಲ್ಲಿ ಹುಡುಗ ಬಂದು, "ತಾತ, ಪಚ್ಚೆ ನಾಲಗೆ ಬಿಟ್ಟರೂ ಹುಳು ಸಿಗ್ತಾ ಇಲ್ಲ" ಎಂದ. ತನ್ನ ಮೈಯುದ್ದವನ್ನೂ ಮೀರಿ ನಾಲಗೆ ಚಿಮ್ಮಿಸಬಲ್ಲ ಪ್ರಾಣಿ ಅದು. ನಾವು ಹೋಗಿ ನೋಡಿದಾಗ ಗೇಣಿಗಿಂತ ಹತ್ತಿರವಿದ್ದ ಹುಳುವನ್ನೂ ಮುಟ್ಟಲಾರದೆ ನಾಲಗೆ ಅರ್ಧದಲ್ಲಿಯೇ ಜೋತುಬಿದ್ದಿತು. ಎಡ ಮುಂಗಾಲು ಬಿಲ್ಲಿನಂತೆ ಬಾಗಿತ್ತು. ಗೋಸುಂಬೆಯ ಪಾದದಲ್ಲಿ ಬೆರಳುಗಳು ಎರಡು ಗುಂಪಾಗಿ ಕೂಡಿಕೊಂಡು ಇಕ್ಕಳದಂತಿರುತ್ತವೆ. ಆ ಇಕ್ಕಳ ರೆಂಬೆಯನ್ನು ಹಿಡಿಯದೆ ಜಾರುತ್ತಿತ್ತು. ಮೈ ಹಸಿರು ಹೋಗಿ ಕಂದು. ಹಗಲಿನಲ್ಲಿಯೇ ಕಣ್ಣು ಮುಚ್ಚಿ ಪೆಟ್ಟಿಗೆಯ ತಳದಲ್ಲಿ ಮಲಗಿತ್ತು.

ಜಯನಗರದ ಕಡೆ ಇಂತಹ ಪ್ರಾಣಿಗಳನ್ನು ಬಲ್ಲ ವೈದ್ಯರೊಬ್ಬರಿದ್ದಾರೆಂದು ತಿಳಿದು ಕೊಂಡೊಯ್ದೆವು. ಅವರು ದವಡೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿದರು. ಎಲುಬು ಇರಬೇಕಾದ ಜಾಗ ರಬ್ಬರಿನಂತೆ ಬಾಗಿತು. ಎಕ್ಸ್-ರೇ ಚಿತ್ರದಲ್ಲಿ ಎಲುಬುಗಳು ಮಂಜಿನಲ್ಲಿ ಕಂಡಂತೆ ಮಸುಕಾಗಿದ್ದವು. ತೊಡೆಯ ಎಲುಬಿನಲ್ಲಿ ಒಂದು ಬಿರುಕು. ಬಿದ್ದು ಮುರಿದದ್ದಲ್ಲ, ತನ್ನ ಭಾರಕ್ಕೇ ಮುರಿದದ್ದು. ತಕ್ಕಡಿಯಲ್ಲಿ 72 ಗ್ರಾಂ ತೂಗಿತು. ವೈದ್ಯರು ರೋಗದ ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ದವಡೆ ಗಟ್ಟಿಯಾಗದಿದ್ದರೆ ಹಸಿವಿನಿಂದ ಸಾಯಬಿಡುವುದಕ್ಕಿಂತ ನೋವಿಲ್ಲದೆ ಕೊನೆಗಾಣಿಸುವುದು ಒಳ್ಳೆಯದೆಂದೂ, ಆರು ವಾರ ನೋಡೋಣವೆಂದೂ ಹೇಳಿದರು. ಹುಡುಗ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅವನಿಗೆ ಆರು ವಾರದ ಮಾತನ್ನು ಮಾತ್ರ ತಿಳಿಸಿದೆವು.

ರೋಗದ ಬಗೆ ಇಷ್ಟು. ರಕ್ತದಲ್ಲಿ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಒಂದು ಮಟ್ಟಕ್ಕಿಂತ ಇಳಿಯುವಂತಿಲ್ಲ; ಇಳಿದರೆ ಸ್ನಾಯು ಆಡದು, ಹೃದಯ ನಡೆಯದು. ಆಹಾರದಿಂದ ದೊರೆಯದಿದ್ದಾಗ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿ ತನ್ನ ರಸವನ್ನು ಹರಿಸಿ ಎಲುಬಿನೊಳಗಿನ ಸುಣ್ಣವನ್ನು ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ಬೀಜದ ಭತ್ತವನ್ನು ಕುಟ್ಟಿ ಉಣ್ಣುವ ಸಂಸಾರದಂತೆ. ಹಿಟ್ಟಿನ ಹುಳುವಿನಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ, ರಂಜಕ ಅದರ ಹಲವು ಪಾಲು. ಹೆಚ್ಚಾದ ರಂಜಕ ಇದ್ದ ಸುಣ್ಣವನ್ನೂ ಮೈಗೆ ಹತ್ತಗೊಡದು. ಸಾಲದುದಕ್ಕೆ ಸುಣ್ಣವನ್ನು ಕರುಳು ಹೀರಿಕೊಳ್ಳಬೇಕಾದರೆ ಡಿ ಜೀವಸತ್ತ್ವ ಬೇಕು. ಅದು ಚರ್ಮದಲ್ಲಿ ಹುಟ್ಟಬೇಕಾದರೆ ಬಿಸಿಲಿನಲ್ಲಿರುವ ಯುವಿ-ಬಿ ಎಂಬ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಬಿಡುತ್ತದೆ, ಆ ಕಿರಣವನ್ನು ಬಿಡುವುದಿಲ್ಲ. ಎಂಟು ತಿಂಗಳು ಪಚ್ಚೆ ಹೊಟ್ಟೆ ತುಂಬ ತಿಂದು ತನ್ನ ಎಲುಬನ್ನೇ ಉಂಡಿತ್ತು.

ಇದು ದೊಡ್ಡವರಿಗೂ ತಿಳಿಯದೆ ಹೋದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಿಂಹದ ಮರಿಗಳು ಸೂಲು ಸೂಲಾಗಿ ಸಾಯುತ್ತಿದ್ದವು. ಅವಕ್ಕೆ ಮಾಂಸಕ್ಕೇನೂ ಕೊರತೆಯಿರಲಿಲ್ಲ. ಎಲುಬಿಲ್ಲದ ಬರಿಯ ಮಾಂಸವನ್ನು ಆರಿಸಿ ಹಾಕುತ್ತಿದ್ದರು. ಬ್ಲಾಂಡ್-ಸಟನ್ ಎಂಬ ಶಸ್ತ್ರವೈದ್ಯರು ಪುಡಿ ಮಾಡಿದ ಎಲುಬನ್ನೂ ಮೀನೆಣ್ಣೆಯನ್ನೂ ಸೇರಿಸಿ ಕೊಡಿರೆಂದರು. ಕೆಲವು ತಿಂಗಳಲ್ಲಿಯೇ ಮರಿಗಳು ಎದ್ದು ನಿಂತವು. ಅದೇ ರಿಕೆಟ್ಸ್ ಆ ಕಾಲದ ಯುರೋಪಿನ ಹೊಗೆ ತುಂಬಿದ ನಗರಗಳ ಮಕ್ಕಳ ಕಾಲುಗಳನ್ನೂ ಬಾಗಿಸುತ್ತಿತ್ತು. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ಅತಿನೇರಳೆ ಕಿರಣದ ದೀಪದ ಮುಂದೆ ಮಕ್ಕಳನ್ನಿರಿಸಿ ಗುಣಪಡಿಸಿದರು.

ಔಷಧ ಬರೆದುಕೊಟ್ಟದ್ದು ಸುಲಭವಾಯಿತು. ಕಷ್ಟವಾದದ್ದು ಆಹಾರದ ಪ್ರಶ್ನೆ. ಡಬ್ಬಿಯ ಹುಳು ಸಾಲದು, ಚಿಮ್ಮಂಡೆಗಳನ್ನು ಮನೆಯಲ್ಲಿಯೇ ಸಾಕಿ, ಅವಕ್ಕೆ ಸೊಪ್ಪು ತಿನ್ನಿಸಿ, ಮೈಗೆ ಸುಣ್ಣದ ಪುಡಿ ಸವರಿ, ಜೀವಂತವಾಗಿ ಕೊಡಬೇಕೆಂದರು ವೈದ್ಯರು. ತಲೆತಲಾಂತರದಿಂದ ಮೊಟ್ಟೆಯೂ ಸೋಕದ ಮನೆ ನಮ್ಮದು. ನಮ್ಮ ಮನೆಯವರು ಕೇಳಿದರು: "ಒಂದು ಜೀವ ಉಳಿಸೋಕೆ ದಿನಕ್ಕೆ ಹತ್ತು ಜೀವ ನಾವೇ ಕೈಯಾರೆ ಕೊಡೋದು ಯಾವ ಧರ್ಮ?" ಪ್ರಶ್ನೆ ನ್ಯಾಯವಾದುದೇ. ಸೊಸೆ ಮಾತಾಡಲಿಲ್ಲ. ಎರಡು ದಿನ ಮನೆಯಲ್ಲಿ ಇದೇ ಚರ್ಚೆ. ಸೊಪ್ಪು ತಿನ್ನಿಸಿದರಾಗದೇ ಎಂದು ಕೇಳಿದರೆ, ಈ ಜಾತಿ ಎಲೆಯನ್ನೂ ಒಂದಿಷ್ಟು ಮೆಲ್ಲುವುದು ನಿಜ, ಅದರಿಂದಲೇ ಬದುಕದು ಎಂದರು ವೈದ್ಯರು. ತುರಹಳ್ಳಿಯ ಕಾಡಿಗೆ ಬಿಟ್ಟುಬಿಡಿ ಎಂದು ನೆರೆಯವರೊಬ್ಬರು ಸಲಹೆಯಿತ್ತರು. ಮುರಿದ ಕಾಲಿನ ಪ್ರಾಣಿ ಅಲ್ಲಿ ಒಂದು ದಿನವೂ ಉಳಿಯದು. ಗಟ್ಟಿಯಾದುದನ್ನು ಬಿಟ್ಟರೆ ಇನ್ನೂ ಕೆಡುಕು. ಹವಾಯಿ ದ್ವೀಪಗಳಲ್ಲಿಯೂ ಫ್ಲಾರಿಡಾದಲ್ಲಿಯೂ ಹೀಗೆ ಹೊರಬಿದ್ದ ಇದೇ ಯೆಮನಿನ ಗೋಸುಂಬೆ ಕಾಡಿನಲ್ಲಿ ನೆಲೆಯೂರಿ ಅಲ್ಲಿನವರಿಗೆ ಚಿಂತೆ ತಂದಿಟ್ಟಿದೆ.

ನಮ್ಮ ತೀರ್ಮಾನವನ್ನು ನೇರವಾಗಿ ಹೇಳುತ್ತೇವೆ. ಹುಲಿಗೆ ಹುಲ್ಲು ವಿಧಿಸುವ ಅಧಿಕಾರ ನಮಗಿಲ್ಲ. ಗೋಸುಂಬೆ ಹುಳು ತಿನ್ನುವುದು ಅದರ ಪಾಪವಲ್ಲ, ಹುಟ್ಟು. ಅದರ ಊಟ ನಮಗೆ ಸಲ್ಲದೆನ್ನುವವರು ಅದನ್ನು ಹಣ ಕೊಟ್ಟು ತರಬಾರದು. ತಂದ ಮೇಲೆ ನಮ್ಮ ನೇಮಕ್ಕಾಗಿ ಅದು ಎಲುಬು ಕರಗಿ ಸಾಯಲೆನ್ನುವಂತಿಲ್ಲ. ದಾಸೋಹವೆಂದರೆ ಬಂದವರ ಹಸಿವು ನೋಡಿ ಬಡಿಸುವುದೇ ಹೊರತು ನಮ್ಮ ರುಚಿ ನೋಡಿಯಲ್ಲ. ಇನ್ನೊಂದು ಮಾತು, ಮನೆಯ ಹೆಂಗಸರು ಕ್ಷಮಿಸಬೇಕು: ಪೂಜೆಗೆ ಮಡಿಯೆಂದು ಉಡುವ ಒಂದು ರೇಷ್ಮೆ ಸೀರೆಗೆ ಬಿಸಿನೀರಿನಲ್ಲಿ ಬೇಯುವ ಗೂಡುಗಳು ಸಾವಿರಾರು. ರಾಮನಗರದ ಗೂಡಿನ ಮಾರುಕಟ್ಟೆ ನಮ್ಮೂರಿನಿಂದ ದೂರವೇನಲ್ಲ. ನಮ್ಮ ಪಕ್ಕದ ಕನಕಪುರ ರಸ್ತೆಯಲ್ಲಿ 2021ರಲ್ಲಿ ಬಂದ ಮೆಟ್ರೋದ ಕೊನೆಯ ನಿಲ್ದಾಣದ ಹೆಸರೇ ರೇಷ್ಮೆ ಸಂಸ್ಥೆ. ಈ ಮಾತಿಗೆ ನಮ್ಮ ಮನೆಯವರು ಉತ್ತರ ಕೊಡಲಿಲ್ಲ. ಆದರೆ ಚಿಮ್ಮಂಡೆಯ ಪೆಟ್ಟಿಗೆ ಅಡುಗೆಮನೆ, ದೇವರಮನೆಗಳ ಕಡೆ ಬರಕೂಡದು, ಮಹಡಿಯ ಮೇಲೆಯೇ ಇರಬೇಕು ಎಂದು ಕಟ್ಟಳೆ ಮಾಡಿದರು. ಅದು ಇಂದಿಗೂ ನಡೆದಿದೆ.

ಮಗ, ಸೊಸೆ ಕೆಲಸಕ್ಕೆ, ಹುಡುಗ ಶಾಲೆಗೆ. ಹಗಲಿನ ಆರೈಕೆ ನಮ್ಮ ಪಾಲಿಗೆ ಬಂದಿತು. ಸೂಜಿಯಿಲ್ಲದ ಸಿರಿಂಜಿನಲ್ಲಿ ವೈದ್ಯರು ಅಳೆದು ಹೇಳಿದಷ್ಟು ಕ್ಯಾಲ್ಸಿಯಂ ದ್ರವ. ಒಂದು ಹನಿ ಹೆಚ್ಚಿಲ್ಲ, ಏಕೆಂದರೆ ಹೆಚ್ಚಾದರೂ ಕೇಡೇ. ದವಡೆಯನ್ನು ಬಲವಂತವಾಗಿ ತೆರೆಯುವಂತಿಲ್ಲ, ಮುರಿದೀತು. ತುಟಿಯಂಚಿಗೆ ಹನಿ ಮುಟ್ಟಿಸಿ, ಅದು ತಾನಾಗಿ ನೆಕ್ಕುವವರೆಗೆ ಕಾಯಬೇಕು. ಒಮ್ಮೊಮ್ಮೆ ಮುಕ್ಕಾಲು ಗಂಟೆ. ಗಾಜಿನ ಪೆಟ್ಟಿಗೆ ಹೋಗಿ ಜಾಲರಿಯ ಗೂಡು ಬಂದಿತು; ಯುವಿ-ಬಿ ಕಿರಣದ ದೀಪ ಬಂದಿತು. ಗೂಡಿನೊಳಗೆ ದಾಸವಾಳದ ಕುಂಡ ಇರಿಸಿದೆವು. ಗೋಸುಂಬೆ ಬಟ್ಟಲಿನ ನೀರು ಕುಡಿಯದು, ಎಲೆಯ ಮೇಲಿನ ಹನಿಯನ್ನೇ ಕುಡಿಯುವುದು. ದಿನಕ್ಕೆರಡು ಬಾರಿ ಎಲೆಗಳಿಗೆ ನೀರು ಚಿಮುಕಿಸುವುದೂ ನಮ್ಮ ಕೆಲಸ. ದಾಸವಾಳದ ಹೂವು ಪೂಜೆಗೆ, ಎಲೆ ಪಚ್ಚೆಗೆ. ಕನಕಪುರದ ಕಡೆಯ ರೈತರೊಬ್ಬರು ಹಿಪ್ಪುನೇರಳೆ ಸೊಪ್ಪನ್ನೂ ಒಂದಷ್ಟು ರೇಷ್ಮೆ ಹುಳುಗಳನ್ನೂ ಕೊಡುತ್ತಿದ್ದರು. ಸೊಪ್ಪು ಚಿಮ್ಮಂಡೆಗೆ, ಮೃದುವಾದ ರೇಷ್ಮೆ ಹುಳು ಸೋತ ದವಡೆಗೆ ಹಿತ.

ಮಳೆಯ ಮೋಡ ಬಿಟ್ಟ ದಿನ ಗೂಡನ್ನು ಮಹಡಿಗೆ ಒಯ್ಯುತ್ತಿದ್ದೆವು. ಎಳೆಬಿಸಿಲು ಸಾಲದೆಂದು ವೈದ್ಯರು ತಿಳಿಸಿದ್ದರು. ಸೂರ್ಯ ಕೆಳಗಿರುವಾಗ ಆ ಕಿರಣ ನೆಲ ಮುಟ್ಟುವುದೇ ಕಡಿಮೆ. ಹತ್ತು ಗಂಟೆಯ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ, ಅರ್ಧ ಗೂಡಿಗೆ ನೆರಳು, ಪಕ್ಕದಲ್ಲಿ ನಾವು. ನಮ್ಮ ಮೊಣಕಾಲಿಗೂ ಅದೇ ವರ್ಷ ಡಿ ಜೀವಸತ್ತ್ವದ ಕೊರತೆಯೆಂದು ವಾರಕ್ಕೊಂದು ಪೊಟ್ಟಣ ಬರೆದಿದ್ದರು. ಮಹಡಿಯ ಮೇಲೆ ಒಂದೇ ರೋಗದ ಇಬ್ಬರು ರೋಗಿಗಳೆಂದು ಸೊಸೆ ನಗುತ್ತಿದ್ದಳು.

ಹಾಗೆ ಕುಳಿತಿದ್ದಾಗ ಒಂದು ದಿನ ಮೊಮ್ಮಗನ ಭೂಪಟ ಪುಸ್ತಕವನ್ನು ಬಿಡಿಸಿ ನೋಡಿದೆವು. ಯೆಮನಿನ ಏಡನ್ ಬಂದರು ಮತ್ತು ಬೆಂಗಳೂರು ಬಹುತೇಕ ಒಂದೇ ಅಕ್ಷಾಂಶದ ಮೇಲಿವೆ; ಎರಡೂ ಹದಿಮೂರು ಡಿಗ್ರಿಯ ಆಸುಪಾಸು. ಪಚ್ಚೆಯ ಪೂರ್ವಿಕರ ಬೆಟ್ಟಗಳು ಅಲ್ಲಿಂದ ಸ್ವಲ್ಪ ಉತ್ತರಕ್ಕೆ. ಅವುಗಳ ಬೆನ್ನಿಗೆ ಬೀಳುವ ಸೂರ್ಯನೇ ವಸಂತಪುರದ ಮಹಡಿಯ ಮೇಲೂ ಬೀಳುತ್ತಿದ್ದ. ನಡುವೆ ಇದ್ದದ್ದು ಕಾಲಂಗುಲ ಗಾಜು.

ನಾಲ್ಕನೆಯ ವಾರ ತೂಕ 75 ಗ್ರಾಂ. ಐದನೆಯ ವಾರ ಮತ್ತೆ 73. ಆ ರಾತ್ರಿ ಮಗನೂ ನಾವೂ ಹುಡುಗ ಮಲಗಿದ ಮೇಲೆ ಮಾತಾಡಿದೆವು, ವೈದ್ಯರ ಇನ್ನೊಂದು ಮಾತನ್ನು ಅವನಿಗೆ ಹೇಗೆ ತಿಳಿಸುವುದೆಂದು. ತಿಳಿಸುವ ಸಂದರ್ಭ ಬರಲಿಲ್ಲ. ಆರನೆಯ ವಾರದ ಪರೀಕ್ಷೆಯಲ್ಲಿ ವೈದ್ಯರು ದವಡೆಯನ್ನು ಒತ್ತಿದರು, ಅದು ಬಾಗಲಿಲ್ಲ. ಅವರು ಮತ್ತೊಮ್ಮೆ ಒತ್ತಿ ನೋಡಿ ತಲೆಯಾಡಿಸಿದರು. ಶ್ರಾವಣ ಕಳೆದು ಗೌರಿಹಬ್ಬದ ಹೊತ್ತಿಗೆ ಒಂದು ಮಧ್ಯಾಹ್ನ ಪಚ್ಚೆ ಕಣ್ಣುಗಳೆರಡನ್ನೂ ಒಂದೇ ಕಡೆ ತಿರುಗಿಸಿ, ಗೇಣಾಚೆಯ ಚಿಮ್ಮಂಡೆಗೆ ಗುರಿಯಿಟ್ಟು ನಾಲಗೆ ಚಿಮ್ಮಿಸಿತು. ಸದ್ದೂ ಆಯಿತು. ಮಹಡಿಯ ಕಡೆ ಎಂದೂ ಬಾರದಿದ್ದ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, "ತಿಂತಾ?" ಎಂದು ಕೇಳಿದರು.

ಬಾಗಿದ ಕಾಲು ನೆಟ್ಟಗಾಗಲಿಲ್ಲ. ಆಗುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ತೆಳ್ಳನೆಯ ಕಡ್ಡಿಯನ್ನು ಎಡ ಪಾದ ಹಿಡಿಯದು. ಹೆಬ್ಬೆರಳಿನಷ್ಟು ದಪ್ಪದ ಸೀಬೆ ರೆಂಬೆಗಳನ್ನು ನೆಲಕ್ಕೆ ಹತ್ತಿರವಾಗಿ ಅಡ್ಡ ಕಟ್ಟಿದ್ದೇವೆ, ಜಾರಿದರೂ ಪೆಟ್ಟಾಗದಂತೆ. ದೀಪವನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಅದು ಉರಿಯುತ್ತಲೇ ಇದ್ದರೂ ಕಣ್ಣಿಗೆ ಕಾಣದ ಆ ಕಿರಣ ಅದರಲ್ಲಿ ಸೊರಗಿರುತ್ತದೆ. ಬದಲಿಸಬೇಕಾದ ದಿನವನ್ನು ಮೊಮ್ಮಗ ಗೋಡೆಯ ಪಂಚಾಂಗದಲ್ಲಿ ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲಿಯೇ ಕೆಂಪು ಶಾಯಿಯಿಂದ ಗುರುತಿಸಿದ್ದಾನೆ.