ಮರೆತುಹೋದ ಲಾಗ

ಜಾತ್ರೆಯಲ್ಲಿ, ವಸ್ತುಪ್ರದರ್ಶನದಲ್ಲಿ ಮಕ್ಕಳು ದುಡ್ಡು ಕೊಟ್ಟು ಹತ್ತಿ ಕುಣಿಯುವ ಬಲೆಯನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಅದಕ್ಕೆ ಟ್ರ್ಯಾಂಪೊಲಿನ್ ಎಂದು ಹೆಸರು. ಆ ಆಟ 2000ದ ಸಿಡ್ನಿ ಒಲಿಂಪಿಕ್ಸಿನಿಂದ ಪದಕದ ಸ್ಪರ್ಧೆಯಾಗಿದೆಯೆಂದರೆ ನಂಬುತ್ತೀರಾ? ನನಗಂತೂ ಗೊತ್ತಿರಲಿಲ್ಲ. 2024ರ ಆಗಸ್ಟಿನಲ್ಲಿ ಮಗಳು ಮೊಬೈಲಿನಲ್ಲಿ ತೋರಿಸಿದಾಗ ಒಲೆಯ ಮೇಲಿನ ಸಾರು ಉಕ್ಕಿದ್ದೂ ತಿಳಿಯಲಿಲ್ಲ ನೋಡಿ!

ಆಡುವವರು ಎರಡಂತಸ್ತಿನ ಮನೆಯಷ್ಟು ಎತ್ತರಕ್ಕೆ ಹಾರುತ್ತಾರೆ. ನಡುವೆ ನಿಲ್ಲದೆ ಹತ್ತು ಜಿಗಿತ, ಒಂದೊಂದಕ್ಕೂ ಒಂದೊಂದು ಬಗೆಯ ಲಾಗ. ಲಾಗ ಎಷ್ಟು ಕಷ್ಟದ್ದು, ಎಷ್ಟು ಅಂದವಾಗಿ ಹಾಕಿದರು, ಗಾಳಿಯಲ್ಲಿ ಎಷ್ಟು ಹೊತ್ತು ಇದ್ದರು, ಬಲೆಯ ಮಧ್ಯದಿಂದ ಎಷ್ಟು ಸರಿದರು, ಎಲ್ಲದಕ್ಕೂ ಅಂಕ. ನಡುವೆ ಬಲೆಯಿಂದಾಚೆ ಬಿದ್ದರೋ, ಆಟ ಅಲ್ಲಿಗೇ ಮುಗೀತು. ವರ್ಷಗಟ್ಟಲೆಯ ಅಭ್ಯಾಸ ಅರ್ಧ ನಿಮಿಷದೊಳಗೆ ತೀರ್ಮಾನ!

ಅವತ್ತು ಚಿನ್ನ ಗೆದ್ದವಳು ಇಂಗ್ಲೆಂಡಿನ ಬ್ರಯೋನಿ ಪೇಜ್. 1990ರಲ್ಲಿ ಹುಟ್ಟಿದಾಕೆ, ಒಂಬತ್ತನೇ ವಯಸ್ಸಿಗೇ ಬಲೆ ಹತ್ತಿದಳು. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಚಿನ್ನದ ಸುದ್ದಿಯಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಆಕೆಗೆ ವಿಚಿತ್ರವಾದ ಒಂದು ತೊಂದರೆ ಬಂತು. ಸಾವಿರಾರು ಸಲ ಹಾಕಿದ ಲಾಗವೇ ಬರದಂತಾಯಿತು. ಕೈಕಾಲು ನೆಟ್ಟಗಿವೆ, ಮನಸ್ಸು ಮಾತ್ರ ಒಪ್ಪದು. ಆ ಆಟದವರು ಇದನ್ನು 'ಲಾಸ್ಟ್ ಮೂವ್ ಸಿಂಡ್ರೋಮ್' ಎನ್ನುತ್ತಾರೆ. ಎರಡು ವರ್ಷ ಕಾಡಿತಂತೆ. ಅಮೆರಿಕದ ಹೆಸರಾಂತ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊದಲ್ಲಿ ತಂಡದ ಫೈನಲಿನಿಂದ ಅರ್ಧಕ್ಕೇ ಹಿಂದೆ ಸರಿದದ್ದೂ ಇಂಥದೇ ಕಾರಣಕ್ಕೆ.

ಇದನ್ನು ತಿಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ ಕಣ್ರೀ. ನಾಲ್ಕು ವರ್ಷದ ಕೆಳಗೆ ಮಳೆಯಲ್ಲಿ ಸ್ಕೂಟರು ಜಾರಿ ಬಿದ್ದೆ. ಮೊಣಕೈ ತರಚಿದ್ದು ಹದಿನೈದು ದಿನಕ್ಕೆ ವಾಸಿಯಾಯಿತು. ಆದರೆ ಆಮೇಲೆ ಸ್ಕೂಟರು ಹತ್ತಿದರೆ ಕೈ ನಡುಕ, ಬ್ರೇಕು ಯಾವ ಕಡೆ ಎಂಬುದೇ ಮರೆತಂತೆ. "ಹತ್ತು ವರ್ಷ ಓಡಿಸಿದವಳು, ಏನೇ ಇದು ನಾಟಕ?" ಎಂದರು ಯಜಮಾನರು. ಅತ್ತೆಯವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ಹೊಲಿದ ರವಿಕೆಗಳನ್ನು ಪೇಟೆಯ ಅಂಗಡಿಗೆ ಮುಟ್ಟಿಸಬೇಕು. ಆಟೋಕ್ಕೆ ಕೊಟ್ಟರೆ ಕೈಯಲ್ಲಿ ಉಳಿಯುವುದೇನು, ನೀವೇ ಹೇಳಿ. ಹೊಲಿಗೆಯನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು.

ಬ್ರಯೋನಿ ಮಾಡಿದ್ದೇನೆಂದರೆ, ಎಳೆಯ ಮಕ್ಕಳಿಗೆ ಕಲಿಸುವ ಪಾಠದಿಂದ ಮತ್ತೆ ಶುರುಮಾಡಿದ್ದು. ಸಣ್ಣ ಜಿಗಿತ, ಆಮೇಲೆ ಇನ್ನೊಂದು. ನಾನೂ ಈಗ ಬೆಳಿಗ್ಗೆ ಆರಕ್ಕೆ ನಮ್ಮ ಗೇಟಿನಿಂದ ಬೀದಿ ಕೊನೆಯ ಹುಣಸೆಮರದವರೆಗೆ ಮಾತ್ರ ಹೋಗಿಬರುತ್ತೇನೆ. ಪೇಟೆ ಇನ್ನೂ ದೂರವಿದೆ.

2012ರ ಒಲಿಂಪಿಕ್ಸ್ ಲಂಡನ್ನಿನಲ್ಲೇ ನಡೆದರೂ ಆಕೆ ತಂಡದಲ್ಲಿರಲಿಲ್ಲ. ಸ್ವಂತ ದೇಶದಲ್ಲೇ ಹಬ್ಬ, ತಾನು ಹೊರಗೆ! ಎಂಥ ಸಂಕಟವೋ. ಈ ನಡುವೆ ಶೆಫೀಲ್ಡಿನಲ್ಲಿ ಜೀವಶಾಸ್ತ್ರದ ಪದವಿಯನ್ನೂ ಮುಗಿಸಿದಳು. ಡೈನೋಸಾರ್‌ಗಳು ಹೇಗೆ ಕೂಗುತ್ತಿದ್ದವೆಂದು ಪ್ರಬಂಧ ಬರೆದಳಂತೆ! 2016ರಲ್ಲಿ ರಿಯೋದಲ್ಲಿ ಬೆಳ್ಳಿ. ಈ ಆಟದಲ್ಲಿ ಬ್ರಿಟನ್ನಿಗೆ ಅದೇ ಮೊದಲ ಒಲಿಂಪಿಕ್ ಪದಕ. ಪಾದದ ಕೀಲಿಗೆ ಶಸ್ತ್ರಚಿಕಿತ್ಸೆಯಾಗಿ, ಮತ್ತೆ ಎದ್ದು, 2021ರಲ್ಲಿ ಟೋಕಿಯೊದಲ್ಲಿ ಕಂಚು. 2021 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್. ಕೊನೆಗೆ ಪ್ಯಾರಿಸ್ಸಿನಲ್ಲಿ 56.480 ಅಂಕ, ಚಿನ್ನ. ಆಗ ವಯಸ್ಸು 33. ನಮ್ಮಲ್ಲಾದರೆ ಆ ವಯಸ್ಸಿಗೆ "ಇನ್ನೇನು ಕುಣಿತ, ಮಕ್ಕಳನ್ನು ನೋಡಿಕೋ" ಎನ್ನುತ್ತಿದ್ದರು.

ಇಷ್ಟೆಲ್ಲ ಗೆದ್ದ ಮೇಲೂ ಆಕೆಗೊಂದು ಆಸೆ, ಸರ್ಕಸ್ ಸೇರಬೇಕಂತೆ. ಹಟ ಮಾಡಿದರೆ ಸರ್ಕಸ್ಸಿನವರಿಗೆ ಕೊಟ್ಟುಬಿಡುತ್ತೇನೆಂದು ನಮ್ಮಮ್ಮ ನಮ್ಮನ್ನು ಹೆದರಿಸುತ್ತಿದ್ದದ್ದು ನೆನಪಾಗಿ, ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.